ಬೀಚ್ ಕಾಡು: ನಿಧಾನ ನಡಿಗೆಯ ಮರ, ಅವಸರದ ಕಾಲ

ಬೀಚ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಕಡಲ ತೀರ. ಆದರೆ ಯುರೋಪಿನ ಜನರಿಗೆ ಅದೇ ಉಚ್ಚಾರದ ಮರವೊಂದಿದೆ. ನಮ್ಮ ಊರುಗಳಲ್ಲಿ ಆಲಕ್ಕೂ ಅರಳಿಗೂ ಇರುವಂಥ ಸ್ಥಾನ ಅಲ್ಲಿ ಓಕ್ ಮರದ ಜೊತೆಗೆ ಈ ಬೀಚ್ ಮರಕ್ಕೂ ಇದೆ. ಭಾರತಕ್ಕೆ ಬಂದ ಬ್ರಿಟಿಷರು ನಮ್ಮ ಹೊಂಗೆ ಮರವನ್ನು ‘ಇಂಡಿಯನ್ ಬೀಚ್’ ಎಂದು ಕರೆದರು. ಎಲೆಯ ಹೊಳಪು, ನೆರಳಿನ ತಂಪು ಬಿಟ್ಟರೆ ಎರಡಕ್ಕೂ ಯಾವ ನಂಟೂ ಇಲ್ಲ. ಹೊಂಗೆ ಅವರೆ, ಹುಣಸೆಗಳ ಬಳಗಕ್ಕೆ ಸೇರಿದ್ದು. ಬೀಚ್ ಓಕ್ ಮತ್ತು ಚೆಸ್ಟ್‌ನಟ್‌ಗಳ ಬಳಗದ್ದು. ಹಿಮಾಲಯದಲ್ಲಿ ಓಕ್ ಮರಗಳುಂಟು, ಆದರೆ ನಿಜವಾದ ಬೀಚ್ ಭಾರತದ ಯಾವ ಕಾಡಿನಲ್ಲೂ ತಾನಾಗಿ ಬೆಳೆಯುವುದಿಲ್ಲ.

ನಮ್ಮಲ್ಲಿಲ್ಲದ ಮರದ ಕತೆ ನಮಗೇಕೆ? ಕಾರಣ ಎರಡು. ನಮ್ಮ ದೇಶದ ಅರಣ್ಯ ಇಲಾಖೆಗೆ ಬುನಾದಿ ಹಾಕಿದವರು ಬೀಚ್ ಮರಗಳ ನಾಡಿನಿಂದ ಬಂದವರು. ಕಾಡನ್ನು ಅಳೆಯುವ, ಕಡಿಯುವ, ಮತ್ತೆ ಬೆಳೆಸುವ ಅವರ ಶಾಸ್ತ್ರ ರೂಪುಗೊಂಡದ್ದು ಆ ನಾಡಿನ ಕಾಡುಗಳಲ್ಲೇ. ಎರಡನೆಯದು, ಹವೆ ಬದಲಾದಾಗ ಕಾಡು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಈ ಮರದ ಚರಿತ್ರೆಯಲ್ಲಿ ಸಿಗುವಷ್ಟು ಸ್ಪಷ್ಟವಾದ ಪುರಾವೆ ಇನ್ನೊಂದು ಮರದಲ್ಲಿ ಸಿಗುವುದು ಅಪರೂಪ.

ನೆರಳಿನ ದೊರೆ

ಯುರೋಪಿನ ಬೀಚ್ ಮೂವತ್ತರಿಂದ ನಲವತ್ತು ಮೀಟರ್ ಎತ್ತರಕ್ಕೆ ಬೆಳೆಯುವ ಎಲೆಯುದುರುವ ಮರ. ಆನೆಯ ಕಾಲಿನಂತೆ ಬೂದು ಬಣ್ಣದ, ನುಣುಪಾದ ತೊಗಟೆ. ಸಾಮಾನ್ಯವಾಗಿ ಇನ್ನೂರೈವತ್ತು, ಮುನ್ನೂರು ವರ್ಷ ಬದುಕುತ್ತದೆ. ದಕ್ಷಿಣ ಇಟಲಿಯ ಪೊಲ್ಲೀನೊ ಬೆಟ್ಟಗಳಲ್ಲಿ ಆರು ನೂರು ವರ್ಷ ದಾಟಿದ ಬೀಚ್ ಮರಗಳು ಪತ್ತೆಯಾಗಿವೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಸಸಿಯಾಗಿದ್ದ ಮರಗಳು ಇಂದಿಗೂ ಚಿಗುರುತ್ತಿವೆ ಎಂದರೆ ಅವುಗಳ ಆಯಸ್ಸಿನ ಅಂದಾಜು ಸಿಕ್ಕೀತು.

ಈ ಮರದ ದೊಡ್ಡ ಬಲ ಅದರ ನೆರಳು. ಬೇಸಿಗೆಯಲ್ಲಿ ಬೀಚ್ ಕಾಡಿನ ನೆಲಕ್ಕೆ ಬೀಳುವ ಬೆಳಕು ಅತ್ಯಲ್ಪ. ಓಕ್, ಪೈನ್‌ಗಳ ಸಸಿಗಳು ಆ ಕತ್ತಲಲ್ಲಿ ಸಾಯುತ್ತವೆ. ಬೀಚ್ ಸಸಿ ಸಾಯುವುದಿಲ್ಲ. ಮೊಣಕಾಲೆತ್ತರಕ್ಕೆ ನಿಂತು ಹತ್ತಾರು ವರ್ಷ ಕಾಯುತ್ತದೆ. ಮೇಲಿನ ಮುದಿ ಮರವೊಂದು ಗಾಳಿಗೆ ಉರುಳಿ ಆಕಾಶದಲ್ಲಿ ಕಿಂಡಿ ತೆರೆದುಕೊಂಡಾಗ ಸರಸರನೆ ಮೇಲೇರುತ್ತದೆ. ಹೀಗಾಗಿ ಒಮ್ಮೆ ಬೀಚ್ ನೆಲೆಯೂರಿದ ಕಡೆ ಉಳಿದ ಮರಗಳು ಕ್ರಮೇಣ ಹಿಂದೆ ಸರಿಯುತ್ತವೆ. ಮನುಷ್ಯನ ಕೈ ಸೋಕದೆ ಹೋಗಿದ್ದರೆ ಇಂದಿನ ಜರ್ಮನಿಯ ಸುಮಾರು ಮೂರನೆಯ ಎರಡು ಭಾಗದ ನೆಲವನ್ನು ಬೀಚ್ ಕಾಡೇ ಆವರಿಸಿರುತ್ತಿತ್ತು ಎನ್ನುವುದು ಸಸ್ಯವಿಜ್ಞಾನಿಗಳ ಲೆಕ್ಕ.

ಈ ದೊರೆತನ ಪೂರ್ತಿ ದಬ್ಬಾಳಿಕೆಯೂ ಅಲ್ಲ. ವಸಂತದ ಆರಂಭದಲ್ಲಿ, ಬೀಚ್ ಇನ್ನೂ ಎಲೆ ಬಿಚ್ಚುವ ಮುನ್ನ, ನೆಲದ ಮೇಲೆ ಬಿಳಿಯ ಅನಿಮೋನ್ ಹೂಗಳು ಹಾಸಿನಂತೆ ಅರಳುತ್ತವೆ. ಎಲೆ ಮುಚ್ಚಿಕೊಳ್ಳುವಷ್ಟರಲ್ಲಿ ವರ್ಷದ ಸಂಪಾದನೆ ಮುಗಿಸಿ ಗೆಡ್ಡೆಗಳಲ್ಲಿ ಕೂಡಿಟ್ಟುಕೊಂಡು ಮಲಗುತ್ತವೆ. ಕರಿಯ ಮರಕುಟಿಗ ಮುದಿ ಬೀಚ್‌ಗಳಲ್ಲಿ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಪೊಟರೆಗಳಲ್ಲಿ ಗೂಬೆ, ಕಾಡುಪಾರಿವಾಳ, ಬಾವಲಿಗಳ ಸಂಸಾರ. ಒಣಗಿ ನಿಂತ ಬೀಚ್ ಕಾಂಡದಲ್ಲಿ ನೀಲಿ ಬಣ್ಣದ, ಕರಿಯ ಮಚ್ಚೆಯ ರೊಸಾಲಿಯಾ ಎಂಬ ಚೆಲುವಾದ ದುಂಬಿ ಮರಿ ಮಾಡುತ್ತದೆ. ಸತ್ತ ಮರವೂ ಕಾಡಿನ ಆಸ್ತಿ ಎಂಬ ಮಾತು ಇಲ್ಲಿ ಕಣ್ಣಿಗೆ ಕಾಣುವ ಸತ್ಯ.

ಬೀಚ್ ಪ್ರತಿ ವರ್ಷ ಕಾಯಿ ಬಿಡುವುದಿಲ್ಲ. ಹಲವು ವರ್ಷ ಸುಮ್ಮನಿದ್ದು, ಒಂದು ವರ್ಷ ಇಡೀ ಸೀಮೆಯ ಮರಗಳೆಲ್ಲ ಒಟ್ಟಿಗೆ ಕಾಯಿ ಸುರಿಸುತ್ತವೆ. ಹಿಂದಿನ ಬೇಸಿಗೆ ಬಿಸಿಯಾಗಿದ್ದರೆ ಮರುವರ್ಷ ಇಂಥ ಸುಗ್ಗಿ. ಇಲಿ, ಹಕ್ಕಿ, ಹುಳುಗಳು ಎಷ್ಟು ತಿಂದರೂ ಮಿಗುವಷ್ಟು ಬೀಜ ಆಗ ನೆಲದ ಮೇಲೆ ಉಳಿಯುತ್ತದೆ. ಬರಗಾಲದ ವರ್ಷಗಳಲ್ಲಿ ತಿನ್ನುವವರ ಸಂಖ್ಯೆಯೇ ಕುಗ್ಗಿರುತ್ತದೆ. ನಮ್ಮ ಬಿದಿರು ಹೂಬಿಟ್ಟು ಭತ್ತ ಸುರಿಸುವುದನ್ನು ಕಂಡವರಿಗೆ ಈ ಉಪಾಯ ಅಪರಿಚಿತವಲ್ಲ. ಬಿದಿರು ಆಮೇಲೆ ಸಾಯುತ್ತದೆ, ಬೀಚ್ ಸಾಯುವುದಿಲ್ಲ, ವ್ಯತ್ಯಾಸ ಅಷ್ಟೆ.

ಹಿಮ ಕರಗಿದ ಮೇಲೆ

ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪು ಹಿಮದ ಹಾಸಿನಡಿ ಇತ್ತು. ಅದರ ದಕ್ಷಿಣಕ್ಕೆ ಮರವಿಲ್ಲದ ಚಳಿಯ ಬಯಲು. ಬೀಚ್ ಆಗ ಬದುಕುಳಿದದ್ದು ಅಲ್ಲಲ್ಲಿನ ಬೆಚ್ಚನೆಯ ಮರೆಗಳಲ್ಲಿ. ಹಿಮ ಕರಗಿದ ಮೇಲೆ ಅದು ಹೇಗೆ ಹರಡಿತು ಎಂಬುದನ್ನು ಮೊದಲು ಓದಿಕೊಟ್ಟದ್ದು ಜೌಗು ನೆಲಗಳ ಕೆಸರು. ಡೆನ್ಮಾರ್ಕಿನ ಯಾಪೆಟಸ್ ಸ್ಟೀನ್‌ಸ್ಟ್ರುಪ್ 1842ರಲ್ಲಿ ಅಲ್ಲಿನ ಜೌಗುಗಳ ಪದರಗಳನ್ನು ಅಗೆದು ನೋಡಿ, ಒಂದು ಕಾಲದ ಮರ ಇನ್ನೊಂದು ಕಾಲದಲ್ಲಿಲ್ಲ, ಬೀಚ್ ಕಡೆಯಲ್ಲಿ ಬಂದ ಮರ ಎಂದು ತೋರಿಸಿದರು. 1857ರಲ್ಲಿ ಕ್ರಿಶ್ಚಿಯನ್ ವಾಪೆಲ್, ಬೀಚ್ ಡೆನ್ಮಾರ್ಕಿನ ಕಾಡುಗಳಿಗೆ ವಲಸೆ ಬಂದ ಬಗೆಯನ್ನು ಕುರಿತು ಪುಸ್ತಕವನ್ನೇ ಬರೆದರು. ಇಂದು ಡೆನ್ಮಾರ್ಕಿನ ರಾಷ್ಟ್ರಗೀತೆಯ ಮೊದಲಲ್ಲೇ ಬೀಚ್ ಬರುತ್ತದೆ. ನಾಡಿನ ಗುರುತಾಗಿರುವ ಮರ ನಾಡಿಗೆ ಬಂದ ಕಡೆಯ ವಲಸೆಗಾರ ಎಂಬುದು ಸ್ವಾರಸ್ಯದ ಸಂಗತಿ.

1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಪರಾಗ ವಿಶ್ಲೇಷಣೆಯ ವಿಧಾನವನ್ನು ಮುಂದಿಟ್ಟರು. ಕೆಸರಿನಲ್ಲಿ ಸಿಲುಕಿದ ಪರಾಗದ ಕಣಗಳು ಸಾವಿರಾರು ವರ್ಷ ಕೊಳೆಯುವುದಿಲ್ಲ. ಪ್ರತಿ ಮರದ ಕಣಕ್ಕೂ ಬೇರೆ ಆಕಾರ. ಪದರ ಪದರವಾಗಿ ಎಣಿಸಿದರೆ ಆ ಊರಿನ ಕಾಡಿನ ದಿನಚರಿ ಸಿಗುತ್ತದೆ. ಈ ಲೆಕ್ಕದ ಪ್ರಕಾರ ಬೀಚ್ ನಡೆದ ವೇಗ ವರ್ಷಕ್ಕೆ ಇನ್ನೂರು ಮುನ್ನೂರು ಮೀಟರಿಗಿಂತ ಮಿಗಿಲಾಗಿರಲಿಲ್ಲ. ಬೀಚ್ ಬೀಜ ಭಾರವಾದದ್ದು, ಗಾಳಿಗೆ ಹಾರದು. ಜೇ ಎಂಬ ಹಕ್ಕಿ ಹೊತ್ತೊಯ್ದು ನೆಲದಲ್ಲಿ ಹುದುಗಿಸಿ ಮರೆತರೆ ಮಾತ್ರ ದೂರ ಹೋದೀತು. ಹಾಗೆ ಹುಟ್ಟಿದ ಸಸಿ ಕಾಯಿ ಬಿಡಲು ನಲವತ್ತು ಐವತ್ತು ವರ್ಷ ಬೇಕು. ಇಷ್ಟು ನಿಧಾನವಾಗಿ ನಡೆದ ಮರ ಉತ್ತರ ಜರ್ಮನಿ, ದಕ್ಷಿಣ ಇಂಗ್ಲೆಂಡ್‌ಗಳಲ್ಲಿ ಪಸರಿಸಿದ್ದು ಕಳೆದ ಮೂರು ನಾಲ್ಕು ಸಾವಿರ ವರ್ಷಗಳಲ್ಲಿ. ಅಷ್ಟರಲ್ಲಿ ಅಲ್ಲಿ ಮನುಷ್ಯ ಉಳುಮೆ ಆರಂಭಿಸಿದ್ದ. ಅವನು ಕಡಿದು, ಉತ್ತು, ಸಾರ ಹೋದ ಮೇಲೆ ಬಿಟ್ಟ ಹೊಲಗಳು ಅನೇಕ ಕಡೆ ಬೀಚ್‌ಗೆ ಬಾಗಿಲು ತೆರೆದವು.

ಕ್ರಿ.ಪೂ. 54ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಹೋದ ಜೂಲಿಯಸ್ ಸೀಸರ್, ಗಾಲ್ ನಾಡಿನಲ್ಲಿರುವ ಮರಗಳೆಲ್ಲ ಅಲ್ಲಿವೆ, ಬೀಚ್ ಮತ್ತು ಫರ್ ಮಾತ್ರ ಇಲ್ಲ ಎಂದು ಬರೆದಿಟ್ಟ. ಅವನ ಮಾತನ್ನು ನಂಬಿ ಬೀಚ್ ಬ್ರಿಟನ್ನಿಗೆ ಪರಕೀಯ ಎಂದು ವಾದಿಸಿದವರು ಬಹಳ. ಪರಾಗದ ಸಾಕ್ಷ್ಯ ಬೇರೆ. ಸೀಸರ್ ಬರುವುದಕ್ಕೆ ಎಷ್ಟೋ ಮೊದಲೇ ಬೀಚ್ ದಕ್ಷಿಣ ಇಂಗ್ಲೆಂಡಿನಲ್ಲಿ ಬೇರೂರಿತ್ತು.

ಪರಾಗ ಹೇಳಲಾರದ ಕತೆಯನ್ನು ವಂಶವಾಹಿಗಳು ಹೇಳಿದವು. ಎಲೆಯ ಹಸಿರಿನ ಕಣ, ಅಂದರೆ ಕ್ಲೋರೋಪ್ಲಾಸ್ಟ್‌ನಲ್ಲಿರುವ ಡಿಎನ್‌ಎ ಬೀಚ್‌ನಲ್ಲಿ ತಾಯಿ ಮರದಿಂದ ಮಾತ್ರ ಬರುತ್ತದೆ. ತಂದೆಯ ಪರಾಗ ಗಾಳಿಯಲ್ಲಿ ಎಷ್ಟು ದೂರವಾದರೂ ಹಾರಬಹುದು. ತಾಯಿಯ ಗುರುತು ಬೀಜ ಬಿದ್ದ ದಾರಿಯಲ್ಲೇ ಸಾಗುತ್ತದೆ. ಆ ಗುರುತನ್ನು ಹಿಡಿದು ಹೋದರೆ ವಲಸೆಯ ಹಾದಿ ತಿಳಿಯುತ್ತದೆ. ರೋಮಿನ ದೊನಾತೆಲ್ಲಾ ಮಾಗ್ರಿ ಮತ್ತು ಸಂಗಡಿಗರು 2006ರಲ್ಲಿ ಯುರೋಪಿನ ನೂರಾರು ತಾಣಗಳ ಪರಾಗ, ಹಳೆಯ ಕಟ್ಟಿಗೆಯ ತುಣುಕುಗಳು ಮತ್ತು ವಂಶವಾಹಿಗಳ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದರು. ದಕ್ಷಿಣ ಇಟಲಿ, ಬಾಲ್ಕನ್ ಸೀಮೆಗಳಲ್ಲಿ ಅಡಗಿದ್ದ ಬೀಚ್‌ಗಳೇ ಉತ್ತರಕ್ಕೆ ನಡೆದವು ಎಂಬ ಊಹೆ ಬಿದ್ದುಹೋಯಿತು. ಮಧ್ಯ ಯುರೋಪನ್ನು ತುಂಬಿದ್ದು ಮುಖ್ಯವಾಗಿ ಆಲ್ಪ್ಸ್‌ನ ಪೂರ್ವದ ಅಂಚು, ಸ್ಲೊವೇನಿಯಾದ ಸುತ್ತಮುತ್ತ ಉಳಿದಿದ್ದ ಬಳಗ. ದಕ್ಷಿಣದವು ಅಲ್ಲಲ್ಲೇ ಉಳಿದವು. ಇದರ ಅರ್ಥ, ಇಟಲಿ ಮತ್ತು ಬಾಲ್ಕನ್ನಿನ ಬೆಟ್ಟಗಳಲ್ಲಿ ಉತ್ತರದಲ್ಲೆಲ್ಲೂ ಇಲ್ಲದ ಹಳೆಯ ತಳಿಗಳು ಇಂದಿಗೂ ಇವೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನ ಬೀಚ್‌ಗಳು ಆ ಬಳಗದ ದಕ್ಷಿಣದ ಗಡಿ.

ಹಂದಿ, ಗಾಜು, ಕುರ್ಚಿ

ಮಧ್ಯಯುಗದ ರೈತನಿಗೆ ಬೀಚ್ ಕಾಡೆಂದರೆ ಹಂದಿಯ ಮೇವು. ಕಾಯಿ ಸುರಿದ ವರ್ಷ ಊರಿನ ಹಂದಿಗಳನ್ನೆಲ್ಲ ಕಾಡಿಗಟ್ಟಿ ಕೊಬ್ಬಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಲೆಕ್ಕಪುಸ್ತಕ ಅನೇಕ ಕಾಡುಗಳ ಅಳತೆಯನ್ನು ಅಲ್ಲಿ ಮೇಯಬಲ್ಲ ಹಂದಿಗಳ ಸಂಖ್ಯೆಯಲ್ಲೇ ಬರೆದಿದೆ. ಕಾಯಿಯಿಂದ ಎಣ್ಣೆಯನ್ನೂ ತೆಗೆಯುತ್ತಿದ್ದರು. ಸೌದೆ, ಇದ್ದಿಲುಗಳಿಗೆ ಬೀಚ್‌ನಷ್ಟು ಒಳ್ಳೆಯ ಮರ ಇನ್ನೊಂದಿರಲಿಲ್ಲ. ಉಪ್ಪು ಕಾಯಿಸುವ ಕಡಾಯಿ, ಕಬ್ಬಿಣದ ಕುಲುಮೆ, ಗಾಜಿನ ಒಲೆ ಎಲ್ಲಕ್ಕೂ ಅದೇ ಬೇಕು. ಗಾಜಿಗಂತೂ ಬೆಂಕಿಗಷ್ಟೇ ಅಲ್ಲ, ಬೂದಿಗೂ ಬೀಚ್ ಬೇಕಿತ್ತು; ಬೂದಿಯ ಕ್ಷಾರ ಮರಳನ್ನು ಬೇಗ ಕರಗಿಸುತ್ತದೆ. ಹಸಿರು ಛಾಯೆಯ ಆ ಗಾಜಿಗೆ ‘ಕಾಡುಗಾಜು’ ಎಂದೇ ಹೆಸರು. ಸುತ್ತಲಿನ ಮರ ಮುಗಿದಾಗ ಗಾಜಿನವರು ಒಲೆ ಕಿತ್ತು ಮುಂದಿನ ಕಾಡಿಗೆ ಹೋಗುತ್ತಿದ್ದರು.

ಮರದ ಹೆಸರು ಜನರ ನುಡಿಯಲ್ಲೂ ನೆಲದಲ್ಲೂ ಉಳಿದಿದೆ. ಜರ್ಮನ್ ಭಾಷೆಯಲ್ಲಿ ಮರ ‘ಬೂಖೆ’, ಪುಸ್ತಕ ‘ಬೂಖ್’. ಬೀಚ್ ಹಲಗೆಯ ಮೇಲೆ ಅಕ್ಷರ ಕೊರೆಯುತ್ತಿದ್ದುದರಿಂದ ಈ ಹೆಸರು ಬಂತೆಂಬುದು ಹಳೆಯ ವಿವರಣೆ. ಎಲ್ಲ ಭಾಷಾಶಾಸ್ತ್ರಜ್ಞರೂ ಇದನ್ನು ಒಪ್ಪುವುದಿಲ್ಲವಾದರೂ, ತಾಳೆಯ ಎಲೆಯನ್ನೂ ಬರೆದ ಕಾಗದವನ್ನೂ ‘ಓಲೆ’ ಎನ್ನುವ ಕನ್ನಡಿಗರಿಗೆ ಅದು ವಿಚಿತ್ರವೆನಿಸದು. ಉಕ್ರೇನ್ ಮತ್ತು ರುಮೇನಿಯಾಗಳ ನಡುವೆ ಹಂಚಿಹೋಗಿರುವ ಬುಕೊವಿನಾ ಎಂಬ ಸೀಮೆಯ ಹೆಸರಿನ ಅರ್ಥ ಬೀಚ್‌ಗಳ ನಾಡು. ಇನ್ನೊಂದು ಹೆಸರನ್ನು ಯುರೋಪು ಮರೆಯುವಂತಿಲ್ಲ. 1937ರಲ್ಲಿ ನಾಜಿಗಳು ವೈಮಾರ್ ನಗರದ ಬಳಿಯ ಎಟ್ಟರ್ಸ್‌ಬರ್ಗ್ ಗುಡ್ಡದ ಮೇಲೆ ಯಾತನಾಶಿಬಿರ ಕಟ್ಟಿದರು. ಆ ಗುಡ್ಡದ ಹೆಸರು ಕವಿ ಗಯಟೆಯ ನೆನಪಿನೊಡನೆ ಬೆಸೆದುಕೊಂಡಿದ್ದರಿಂದ ಶಿಬಿರಕ್ಕೆ ಆ ಹೆಸರು ಬೇಡವೆಂದು ‘ಬೂಖೆನ್‌ವಾಲ್ಡ್’, ಅಂದರೆ ಬೀಚ್ ಕಾಡು, ಎಂದಿಟ್ಟರು. ಅಲ್ಲಿ 56,000 ಮಂದಿ ಸತ್ತರು. ಒಂದು ನಿರಪರಾಧಿ ಮರದ ಹೆಸರಿಗೆ ಅಂಟಿದ ಆ ಕಳಂಕ ಹೋಗುವಂಥದಲ್ಲ.

ಬೀಚ್ ಮನೆಮನೆಗೆ ಹೊಕ್ಕದ್ದು ಕುರ್ಚಿಯ ರೂಪದಲ್ಲಿ. ಜರ್ಮನಿಯ ಬಡಗಿ ಮಿಖಾಯೆಲ್ ಟೋನೆಟ್ ಬೀಚ್ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಳ್ಳಿಯಂತೆ ಬಗ್ಗಿಸುವ ವಿದ್ಯೆ ಕಂಡುಕೊಂಡ. ಮೊರಾವಿಯಾದ ಕೊರಿಚಾನಿ ಎಂಬ ಊರಿನಲ್ಲಿ ಅವನ ಕಾರ್ಖಾನೆ ತಲೆಯೆತ್ತಿದ್ದೇ ಸುತ್ತ ಬೀಚ್ ಕಾಡಿದ್ದ ಕಾರಣಕ್ಕೆ. 1859ರಲ್ಲಿ ಬಂದ ಅವನ 14ನೆಯ ಮಾದರಿಯ ಕುರ್ಚಿ 1930ರ ಹೊತ್ತಿಗೆ ಐದು ಕೋಟಿಯಷ್ಟು ಮಾರಾಟವಾಗಿತ್ತು. ಕಾಫಿ ಕ್ಲಬ್ಬುಗಳ ದುಂಡು ಬೆನ್ನಿನ ಕುರ್ಚಿಯ ಮೂಲಪುರುಷ ಅದೇ.

ಲೆಕ್ಕದಲ್ಲಿ ಸೋತ ಮರ

ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಸಂಸ್ಥಾನಗಳಲ್ಲಿ ಕಟ್ಟಿಗೆಯ ಅಭಾವದ ಕೂಗೆದ್ದಿತು. ಸ್ಯಾಕ್ಸನಿಯ ಬೆಳ್ಳಿ ಗಣಿಗಳ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬೆಳೆದಷ್ಟನ್ನೇ ಕಡಿಯಬೇಕು, ಬಳಕೆ ನಿರಂತರವಾಗಿ ಸಾಗುವಂತಿರಬೇಕು ಎಂದು ವಾದಿಸಿದ. ಇಂದು ‘ಸುಸ್ಥಿರ’ ಎಂದು ಎಲ್ಲರೂ ಬಳಸುವ ಮಾತಿನ ಮೂಲ ಅಲ್ಲಿದೆ. ಗಣಿಗೆ ಮರ ಸಿಗದೆ ಹೋದೀತೆಂಬ ಭಯದಲ್ಲಿ ಹುಟ್ಟಿದ ವಿಚಾರವದು.

ಆ ವಿಚಾರಕ್ಕೆ ಬೀಚ್ ಕಾಡಿನಲ್ಲಿ ವಿಧಾನ ಕೊಟ್ಟವನು ಗಿಯೊರ್ಗ್ ಲುಡ್ವಿಗ್ ಹಾರ್ಟಿಗ್. ಅವನ 1791ರ ಕೈಪಿಡಿಯ ಕ್ರಮ ಹೀಗೆ: ಮೊದಲು ಕೆಲವೇ ಮರ ಕಡಿದು ಮೇಲ್ಛಾವಣಿಯನ್ನು ಸ್ವಲ್ಪ ಸಡಿಲಿಸುವುದು, ಕಾಯಿ ಸುಗ್ಗಿಯ ವರ್ಷ ನೆಲದಲ್ಲಿ ಸಸಿಗಳೆದ್ದ ಮೇಲೆ ಇನ್ನಷ್ಟು ಕಡಿದು ಬೆಳಕು ಬಿಡುವುದು, ಸಸಿಗಳು ಗಟ್ಟಿಯಾದ ಮೇಲೆ ಉಳಿದ ತಾಯಿ ಮರಗಳನ್ನು ತೆಗೆಯುವುದು. ನೆಡುವ ಖರ್ಚಿಲ್ಲ, ಅದೇ ಕಾಡಿನ ಬೀಜದಿಂದಲೇ ಮುಂದಿನ ಕಾಡು. ಬೀಚ್‌ನ ಸ್ವಭಾವವನ್ನು ಅರಿತು ಮಾಡಿದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲು ಬಂತು, ಸೌದೆಯ ಬೆಲೆ ಇಳಿಯಿತು. ಬೇಕಾದದ್ದು ಮನೆ, ಗಣಿ, ರೈಲುಗಳಿಗೆ ನೇರವಾದ ದಿಮ್ಮಿ. 1849ರಲ್ಲಿ ಮಾರ್ಟಿನ್ ಫೌಸ್ಟ್‌ಮನ್ ಎಂಬ ಅರಣ್ಯಾಧಿಕಾರಿ, ಕಾಡಿನ ನೆಲದ ಬೆಲೆಯನ್ನು ಬಡ್ಡಿಯ ದರದಿಂದ ಕಂಡುಹಿಡಿಯುವ ಸೂತ್ರ ಬರೆದ. ಸೂತ್ರ ಸರಿಯಾದದ್ದೇ. ಆದರೆ ಅದನ್ನು ಹಿಡಿದು ಲೆಕ್ಕ ಹಾಕಿದಾಗ ನೂರಿಪ್ಪತ್ತು ವರ್ಷ ಕಾಯಿಸುವ ಬೀಚ್ ಸೋತಿತು, ಎಂಬತ್ತು ನೂರು ವರ್ಷಕ್ಕೆ ಕೈಗೆ ಬರುವ ಸ್ಪ್ರೂಸ್ ಗೆದ್ದಿತು. ಬೀಚ್ ಬೆಳೆಯುತ್ತಿದ್ದ ಬೆಟ್ಟಗಳಲ್ಲಿ ಸ್ಪ್ರೂಸ್ ಮರಗಳು ಸಾಲುಗಟ್ಟಿ ನಿಂತವು. ಎಲ್ಲರೂ ಸುಮ್ಮನಿರಲಿಲ್ಲ. ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ಗಾಯರ್ 1886ರಲ್ಲೇ ಮಿಶ್ರ ಕಾಡಿನ ಪರವಾಗಿ ಪುಸ್ತಕ ಬರೆದು, ಒಂದೇ ಜಾತಿಯ ತೋಪು ಗಾಳಿಗೂ ಹುಳುವಿಗೂ ಸುಲಭದ ತುತ್ತು ಎಂದು ಎಚ್ಚರಿಸಿದ. ಲೆಕ್ಕದ ಮುಂದೆ ಆ ದನಿ ಕೇಳಿಸಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಬೋಳಾದ ಗುಡ್ಡಗಳಿಗೂ ಬಹುಪಾಲು ಸ್ಪ್ರೂಸನ್ನೇ ನೆಟ್ಟರು.

ಈ ಶಾಸ್ತ್ರ ಭಾರತಕ್ಕೆ ಬಂದದ್ದೂ ಆ ಕಾಲದಲ್ಲೇ. ಬಾನ್ ನಗರದ ಸಸ್ಯವಿಜ್ಞಾನಿ ಡೀಟ್ರಿಖ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಅವನ ನಂತರ ಆ ಸ್ಥಾನಕ್ಕೆ ಬಂದ ವಿಲಿಯಂ ಶ್ಲಿಖ್ ಕೂಡ ಜರ್ಮನ್. ಭಾರತಕ್ಕೆ ನೇಮಕವಾದ ಯುವ ಅಧಿಕಾರಿಗಳನ್ನು ತರಬೇತಿಗಾಗಿ ಜರ್ಮನಿ, ಫ್ರಾನ್ಸ್‌ಗಳ ಕಾಡುಗಳಿಗೆ ಕಳಿಸುತ್ತಿದ್ದರು. 1881ರಿಂದ ಬ್ರಾಂಡಿಸ್ ಮದ್ರಾಸ್ ಪ್ರಾಂತದಲ್ಲಿ ಸುತ್ತಾಡಿ ನೀಡಿದ ಸಲಹೆಗಳ ಹಿನ್ನೆಲೆಯಲ್ಲಿ 1882ರ ಮದ್ರಾಸ್ ಅರಣ್ಯ ಕಾಯಿದೆ ಬಂತು. ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಾಡುಗಳೂ ಅದರ ಅಡಿಗೆ ಬಂದವು. ಕಾಡಿಗೆ ಗಡಿ, ಕಡಿತಕ್ಕೆ ಸರದಿ, ಮರಕ್ಕೆ ಲೆಕ್ಕ ಎಂಬ ಕ್ರಮ ನಮಗೆ ಬಂದ ದಾರಿ ಇದು. ಅದರ ಒಳಿತೂ ಬಂತು, ಕೆಡುಕೂ ಬಂತು. ನೀಲಗಿರಿ ತೋಪುಗಳ ಮೇಲೆ ದಶಕಗಳ ಕಾಲ ಜಗಳವಾಡಿ, 2017ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸುವ ಆದೇಶ ಕಂಡ ಕರ್ನಾಟಕಕ್ಕೆ ಸ್ಪ್ರೂಸ್‌ನ ಕತೆ ಹೊಸದೆನಿಸದು.

ಮರ ಮರಕ್ಕೂ ಭೇದ

1990ರ ‘ವಿವಿಯನ್’, ‘ವೀಬ್ಕೆ’ ಬಿರುಗಾಳಿಗಳು, 1999ರ ಡಿಸೆಂಬರ್ 26ರ ‘ಲೋಥಾರ್’ ಬಿರುಗಾಳಿ ಸ್ಪ್ರೂಸ್ ತೋಪುಗಳನ್ನು ಕಡ್ಡಿಯಂತೆ ಮುರಿದು ಹಾಕಿದವು. ಗಾಯರ್ ಹೇಳಿದ್ದು ನೂರು ವರ್ಷದ ಮೇಲೆ ಅರ್ಥವಾಯಿತು. ಮಿಶ್ರ ಕಾಡಿನ ಕಡೆಗೆ ಮರಳುವ ನೀತಿ ಬಲಗೊಂಡಿತು, ಬೀಚ್ ಮತ್ತೆ ಮಾನ ಪಡೆಯಿತು. ಆಗ ಎದ್ದ ಪ್ರಶ್ನೆ: ಯಾವ ಬೀಚ್?

ಎಲ್ಲ ಬೀಚ್ ಒಂದೇ ಅಲ್ಲ. 1990ರ ದಶಕದಲ್ಲಿ ಜರ್ಮನಿಯ ಗ್ರೋಸ್‌ಹಾನ್ಸ್‌ಡಾರ್ಫ್‌ನ ಅರಣ್ಯ ತಳಿವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ, ಯುರೋಪಿನ ಮೂಲೆಮೂಲೆಯ ಬೀಚ್ ಬೀಜಗಳನ್ನು ತಂದು, ಸಸಿ ಮಾಡಿ, ಅನೇಕ ದೇಶಗಳ ಪ್ರಯೋಗ ಕ್ಷೇತ್ರಗಳಲ್ಲಿ ಅಕ್ಕಪಕ್ಕ ನೆಟ್ಟರು. ಒಂದೇ ಮಣ್ಣು, ಒಂದೇ ಮಳೆ. ಆದರೂ ನಡವಳಿಕೆ ಬೇರೆ. ಆಗ್ನೇಯ ಯುರೋಪಿನ ಬೀಜದ ಗಿಡ ಬೇಗ ಚಿಗುರುತ್ತದೆ, ಅಟ್ಲಾಂಟಿಕ್ ಕರಾವಳಿಯ ಕಡೆಯದು ತಡವಾಗಿ. ಬೇಗ ಚಿಗುರಿದ್ದು ಉತ್ತರದಲ್ಲಿ ತಡವಾದ ಇಬ್ಬನಿಯ ಹೆಪ್ಪಿಗೆ ಸಿಕ್ಕಿ ಸುಡುತ್ತದೆ. 1994ರಲ್ಲಿ ಯುರೋಪಿನ ದೇಶಗಳು ಸೇರಿ ಕಾಡುಮರಗಳ ತಳಿಸಂಪತ್ತನ್ನು ಕಾಯಲು ‘ಯುಫೋರ್ಜೆನ್’ ಎಂಬ ಕಾರ್ಯಕ್ರಮ ಆರಂಭಿಸಿದ್ದರ ಹಿಂದೆ ಇಂಥ ಅರಿವಿತ್ತು.

ಇನ್ನೂ ಕುತೂಹಲದ ಸಂಗತಿ ಬೇರೆಯಿದೆ. ಬೀಚ್‌ನಲ್ಲಿ ಕಾಡು ಕಾಡಿನ ನಡುವಿನ ಭೇದಕ್ಕಿಂತ ಒಂದೇ ಕಾಡಿನ ಮರ ಮರಗಳ ನಡುವಿನ ಭೇದವೇ ಬಹಳ ಹೆಚ್ಚು. ಕಾರಣ ಸರಳ. ಮರ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಅಪರೂಪ. ಗಾಳಿ ತಂದ ಹತ್ತಾರು ತಂದೆಗಳ ಪರಾಗ ಒಂದೇ ತಾಯಿಯ ಮೇಲೆ ಬೀಳುತ್ತದೆ. ಹೀಗಾಗಿ ಒಂದು ಮರದಡಿಯ ಸಾವಿರ ಸಸಿಗಳಲ್ಲಿ ಬರ ತಡೆಯುವ ನಾಲ್ಕು, ಚಳಿ ತಡೆಯುವ ಹತ್ತು ಇದ್ದೇ ಇರುತ್ತವೆ. ಯಾವುದು ಉಳಿಯಬೇಕೆಂದು ಆಮೇಲಿನ ಕಾಲ ಆರಿಸುತ್ತದೆ.

ಇಲ್ಲೇ ಅರಣ್ಯಾಧಿಕಾರಿಯ ಕೊಡಲಿಗೆ ಹೊಣೆ ಬರುವುದು. ಕಾಯಿ ಸುಗ್ಗಿಯ ವರ್ಷಗಳಲ್ಲಿ, ಬಹಳ ತಾಯಿ ಮರಗಳನ್ನು ಉಳಿಸಿಕೊಂಡು, ದಶಕಗಳ ಕಾಲ ನಿಧಾನವಾಗಿ ಕಡಿದರೆ ಮುಂದಿನ ಪೀಳಿಗೆಗೆ ಬಹುಪಾಲು ವೈವಿಧ್ಯ ದಾಟುತ್ತದೆ. ಅವಸರದಲ್ಲಿ ನಾಲ್ಕಾರು ನೇರ ಮರಗಳನ್ನಷ್ಟೇ ಬೀಜಕ್ಕೆ ಬಿಟ್ಟು ಉಳಿದದ್ದನ್ನು ತೆಗೆದರೆ, ಕಾಡು ಹಸಿರಾಗಿಯೇ ಕಂಡರೂ ಅದರ ಜೋಳಿಗೆ ಬರಿದಾಗಿರುತ್ತದೆ. ಆ ನಷ್ಟ ಕಣ್ಣಿಗೆ ಬೀಳುವುದು ನೂರು ವರ್ಷದ ನಂತರ, ಕಡಿದವನ ಮೊಮ್ಮಕ್ಕಳ ಕಾಲಕ್ಕೆ.

2018ರ ಬೇಸಿಗೆ

ಪರೀಕ್ಷೆ ನೂರು ವರ್ಷ ಕಾಯಲಿಲ್ಲ. 2018ರಿಂದ 2020ರವರೆಗೆ ಮಧ್ಯ ಯುರೋಪಿನಲ್ಲಿ ಒಂದರ ಹಿಂದೊಂದು ಬರದ ಬೇಸಿಗೆ. ಬಳಲಿದ ಸ್ಪ್ರೂಸ್ ತೋಪುಗಳನ್ನು ತೊಗಟೆ ಕೊರೆಯುವ ದುಂಬಿಗಳು ಮುತ್ತಿದವು. 2018ರ ಜನವರಿಯಿಂದ 2021ರ ಏಪ್ರಿಲ್‌ವರೆಗೆ ಜರ್ಮನಿಯೊಂದರಲ್ಲೇ ಸುಮಾರು ಐದು ಲಕ್ಷ ಹೆಕ್ಟೇರಿನ ಮರ ನಾಶವಾದುದನ್ನು ಉಪಗ್ರಹದ ಚಿತ್ರಗಳು ತೋರಿಸಿದವು. ಇದು ನಿರೀಕ್ಷಿತವೇ ಆಗಿತ್ತು. ನಿರೀಕ್ಷೆ ಮೀರಿದ್ದು ಬೀಚ್‌ನ ಸಂಕಟ. ಥೂರಿಂಗಿಯಾದ ಹೈನಿಖ್ ರಾಷ್ಟ್ರೀಯ ಉದ್ಯಾನದಂಥ ಕಡೆಗಳಲ್ಲೂ ಮುದಿ ಬೀಚ್‌ಗಳ ನೆತ್ತಿ ಒಣಗಿತು, ನಡು ಬೇಸಿಗೆಯಲ್ಲೇ ಎಲೆ ಉದುರಿತು. ಎಲೆ ನೀರೆಳೆಯುವ ರಭಸಕ್ಕೆ ನೆಲ ನೀರು ಕೊಡದೆ ಹೋದಾಗ, ಕಾಂಡದೊಳಗಿನ ಸಣ್ಣ ನಾಳಗಳಲ್ಲಿ ನೀರಿನ ಎಳೆ ತುಂಡಾಗಿ ಗಾಳಿಯ ಗುಳ್ಳೆ ಸೇರಿಕೊಳ್ಳುತ್ತದೆ. ಹಾಗಾದ ನಾಳ ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಸ್ಪ್ರೂಸ್‌ಗೆ ಬದಲು ಎಂದು ನಂಬಿದ ಮರವೇ ಕುಸಿದರೆ ಮುಂದೇನು ಎಂಬ ಅಳುಕು ಹುಟ್ಟಿದ್ದು ಆಗ.

ಅಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಒಣಗಿದ ಬೀಚ್‌ನ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಇನ್ನೊಂದು ಬೀಚ್ ಹಸಿರಾಗಿ ನಿಂತಿರುತ್ತಿತ್ತು. ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿ ವಿಜ್ಞಾನಿಗಳು ಇಂಥ ಜೋಡಿಗಳನ್ನೇ ಹುಡುಕಿ, 400ಕ್ಕೂ ಹೆಚ್ಚು ಮರಗಳ ವಂಶವಾಹಿಗಳನ್ನು ಓದಿದರು. ಇದಕ್ಕೆ ಆಧಾರವಾಗಿ ಕೆಲ್ಲರ್‌ವಾಲ್ಡ್ ಉದ್ಯಾನದ ಸುಮಾರು ಮುನ್ನೂರು ವರ್ಷದ ‘ಭಾಗ’ ಎಂಬ ಮರದಿಂದ 2018ರಲ್ಲಿ ಬಿಡಿಸಿದ ಬೀಚ್ ಜೀನೋಮ್ ಇತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬರ ತಾಳುವ ಗುಣ ಒಂದೆರಡು ವಂಶವಾಹಿಗಳದ್ದಲ್ಲ, ನೂರರಷ್ಟು ಬೇರೆ ಬೇರೆ ಜಾಗಗಳಲ್ಲಿ ಹಂಚಿಕೊಂಡಿದೆ. ಯಾವ ಮರ ತಾಳೀತು ಎಂಬುದನ್ನು ಆ ಗುರುತುಗಳಿಂದ ಬಹುಮಟ್ಟಿಗೆ ಮೊದಲೇ ಹೇಳಬಹುದು. ಅಂದರೆ ಬರಕ್ಕೆ ಉತ್ತರ ಕಾಡಿನೊಳಗೇ, ಚೂರುಚೂರಾಗಿ, ಅಡಗಿತ್ತು.

ಕಾಯಿಯ ವಿಷಯದಲ್ಲಿ ಸುದ್ದಿ ಅಷ್ಟು ಒಳ್ಳೆಯದಲ್ಲ. ಇಂಗ್ಲೆಂಡಿನಲ್ಲಿ 1980ರಿಂದ ಅದೇ ಮರಗಳ ಕಾಯಿ ಎಣಿಸುತ್ತ ಬಂದವರು, ಬೇಸಿಗೆಗಳು ಬಿಸಿಯಾದಂತೆ ಸುಗ್ಗಿಯ ಮೇಳ ಕೆಡುತ್ತಿರುವುದನ್ನು 2020ರಲ್ಲಿ ವರದಿ ಮಾಡಿದರು. ಮರಗಳು ಪದೇ ಪದೇ, ಬಿಡಿಬಿಡಿಯಾಗಿ ಕಾಯಿ ಬಿಡುತ್ತಿವೆ. ಪರಾಗ ಸರಿಯಾಗಿ ಸಿಗದೆ ಕಾಯಿ ಜೊಳ್ಳಾಗುತ್ತದೆ. ಬರಗಾಲವಿಲ್ಲದೆ ಕಾಯಿ ಕೊರೆಯುವ ಪತಂಗ ಹೆಚ್ಚುತ್ತದೆ. ಸ್ಪೇನಿನ ಮೊಂತ್‌ಸೆನಿ ಬೆಟ್ಟದಲ್ಲಿ ಬೀಚ್ ಮೇಲಕ್ಕೆ ಸರಿಯುತ್ತಿರುವುದು, ಕೆಳಗಿನ ನೆಲವನ್ನು ನಿತ್ಯಹರಿದ್ವರ್ಣದ ಓಕ್ ಹಿಡಿಯುತ್ತಿರುವುದು 2003ರಲ್ಲೇ ದಾಖಲಾಗಿತ್ತು. ಬೆಟ್ಟದ ತುದಿ ಬಂದ ಮೇಲೆ ಸರಿಯಲು ಜಾಗವಿಲ್ಲ.

ಬೀಜ ಎಲ್ಲಿಂದ?

ಈಗ ಯುರೋಪಿನ ಅರಣ್ಯಶಾಸ್ತ್ರದಲ್ಲಿ ನಡೆದಿರುವ ವಾದ ಇದು. ಒಂದು ಪಕ್ಷದವರ ಮಾತು: ಹಿಮ ಕರಗಿದಾಗ ಈ ಮರಕ್ಕೆ ಸಾವಿರಾರು ವರ್ಷ ಸಿಕ್ಕಿತ್ತು, ಈಗ ಸಿಗುವುದು ನೂರು ವರ್ಷ. ತಾನಾಗಿ ನಡೆಯಲಾರದ ಮರವನ್ನು ಮನುಷ್ಯ ಎತ್ತಿ ಒಯ್ಯಬೇಕು. ದಕ್ಷಿಣದ ಒಣ ಬೆಟ್ಟಗಳ ಬೀಜ ತರಬೇಕು. ಟರ್ಕಿ, ಕಾಕಸಸ್, ಇರಾನ್‌ಗಳಲ್ಲಿ ಬೆಳೆಯುವ ಪೂರ್ವದ ಬೀಚ್ ಜಾತಿಯನ್ನೂ ಬೆರೆಸಬೇಕು. ಇನ್ನೊಂದು ಪಕ್ಷ ಕೇಳುತ್ತದೆ: ದಕ್ಷಿಣದ ಬೀಜ ಬರ ತಾಳಬಹುದು, ಬೇಗ ಚಿಗುರಿ ಇಬ್ಬನಿಗೆ ಸತ್ತರೆ? ಸ್ಥಳೀಯ ಕಾಡಿನೊಳಗೇ ಉತ್ತರವಿರುವಾಗ, ಕೊಡಲಿಯನ್ನು ತಡೆದು ಅದಕ್ಕೆ ಆರಿಸಿಕೊಳ್ಳಲು ಬಿಡಬಾರದೇಕೆ? ಎರಡೂ ಮಾತಿನಲ್ಲಿ ಹುರುಳಿದೆ. ಅನೇಕ ಕಡೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಾರೆ: ಬಹುಪಾಲು ಸ್ಥಳೀಯ ಸಸಿ, ನಡುನಡುವೆ ಹೊರಗಿನ ಬೀಜದ ಗುಂಪು, ಜೊತೆಗೆ ಓಕ್, ಮೇಪಲ್‌ಗಳು.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಅದು ಕೊಡಲಿ ಬೀಳದ ಕಾಡು. ಉಕ್ರೇನಿನ ಕಾರ್ಪೇಥಿಯನ್ ಬೆಟ್ಟಗಳ ಉಹೋಲ್ಕಾ ಪ್ರದೇಶದಲ್ಲಿ ಸಾವಿರಾರು ಹೆಕ್ಟೇರ್ ಆದಿಮ ಬೀಚ್ ಕಾಡು ಉಳಿದಿದೆ. 2007ರಲ್ಲಿ ಯುನೆಸ್ಕೊ ಸ್ಲೊವಾಕಿಯಾ ಮತ್ತು ಉಕ್ರೇನಿನ ಇಂಥ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2011ರಲ್ಲಿ ಜರ್ಮನಿಯ ಐದು ಕಾಡುಗಳು ಸೇರಿದವು. 2021ರ ಹೊತ್ತಿಗೆ ಆ ಪಟ್ಟಿ 18 ದೇಶಗಳ ತೊಂಬತ್ತಕ್ಕೂ ಹೆಚ್ಚು ತುಣುಕುಗಳಿಗೆ ಬೆಳೆಯಿತು. ಒಂದೇ ಪಾರಂಪರಿಕ ತಾಣ ಇಷ್ಟು ದೇಶಗಳಲ್ಲಿ ಹರಡಿರುವುದು ಅಪರೂಪ. ಒಂದು ಕಾಲದ ಅಖಂಡ ಕಾಡು ಇಂದು ಎಷ್ಟು ಚೂರಾಗಿದೆ ಎಂಬುದಕ್ಕೂ ಅದೇ ಸಾಕ್ಷಿ.

ಕಾರ್ಲೊವಿಟ್ಸ್‌ಗೆ ಗಣಿಯ ಚಿಂತೆ, ಫೌಸ್ಟ್‌ಮನ್‌ಗೆ ಬಡ್ಡಿಯ ಚಿಂತೆ. ಇಬ್ಬರೂ ಮೂರ್ಖರಲ್ಲ, ತಮ್ಮ ಕಾಲದ ಪ್ರಶ್ನೆಗೆ ತಮ್ಮ ಕಾಲದ ಉತ್ತರ ಕೊಟ್ಟರು. ಸ್ಪ್ರೂಸ್ ನೆಟ್ಟವನು ಸತ್ತು ಎಷ್ಟೋ ವರ್ಷದ ಮೇಲೆ ಅವನ ಉತ್ತರ ತಪ್ಪಾಯಿತು. ಇಂದು ಬೀಚ್ ಬೀಜ ಆರಿಸುವವನಿಗೂ ಅದೇ ಅಪಾಯವಿದೆ. ಅವನು ನೆಟ್ಟ ಸಸಿ ಕಾಯಿ ಬಿಡುವಾಗ ಅವನು ನಿವೃತ್ತನಾಗಿರುತ್ತಾನೆ, ಅದು ದಿಮ್ಮಿಯಾಗುವಾಗ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಸರಿಯಾದ ಒಂದೇ ಉತ್ತರ ಹುಡುಕುವುದಕ್ಕಿಂತ, ಮುಂದೆ ಬರುವವರಿಗೆ ಆರಿಸಿಕೊಳ್ಳಲು ಹಲವು ಉತ್ತರಗಳನ್ನು ಕಾಡಿನಲ್ಲಿ ಉಳಿಸಿ ಹೋಗುವುದೇ ಜಾಣತನ ಎಂದು ಬೀಚ್‌ನ ಚರಿತ್ರೆ ಹೇಳುತ್ತದೆ. ಸಾಗುವಾನಿಯೇ ಇರಲಿ, ಹೊಂಗೆಯೇ ಇರಲಿ, ಮರ ನೆಡುವ ಯಾವ ನಾಡಿಗೂ ಆ ಮಾತು ಒಪ್ಪುವಂಥದು.